ಹಳೆಯ ಪಿಕಪ್ಪು ಗಾಡಿಗೆ ಹೊಸ ಸೀಟು

ನೊಗ ಉಜ್ಜಿ ಹೆಗಲು ಹುಣ್ಣಾದ ಎತ್ತನ್ನು ವಿವೇಕಿಯಾದ ಯಾವ ರೈತನೂ ಗಾಡಿಗೆ ಹೂಡುವುದಿಲ್ಲ. ಹುಣ್ಣು ಮಾಯುವವರೆಗೆ ಎತ್ತಿಗೆ ವಿರಾಮ ಕೊಟ್ಟು, ನೊಗವನ್ನು ಕೆತ್ತಿಸಿ ನುಣುಪು ಮಾಡಿಸುವುದು ರೂಢಿ. ಎತ್ತಿನ ಗಾಡಿಯ ಸ್ಥಾನಕ್ಕೆ ಪಿಕಪ್ಪು ಬಂದಿರುವ ಮನೆಗಳಲ್ಲಿ, ಅದನ್ನು ನಡೆಸುವ ಮನುಷ್ಯನ ವಿಷಯದಲ್ಲಿ ಇದೇ ವಿವೇಕವು ಅನೇಕ ಕಡೆ ಕಾಣದಿರುವುದು ವಿಷಾದಕರ.

ಚನ್ನರಾಯಪಟ್ಟಣ ತಾಲ್ಲೂಕಿನ ಜಿನನಾಥಪುರದಂತಹ ಊರುಗಳು ತೆಂಗಿನ ಸೀಮೆಗೆ ಸೇರಿದವು. ಇಲ್ಲಿಂದ ಕೊಬ್ಬರಿಯನ್ನು ತಿಪಟೂರಿಗೂ ಇತರ ಫಸಲನ್ನು ಹಾಸನಕ್ಕೂ ಸಾಗಿಸಲು ಪಿಕಪ್ಪು ಬಹು ಉಪಯುಕ್ತವಾದುದು. ಗಾಡಿ ಹಳೆಯದಾದಂತೆ ಯಜಮಾನನು ಟೈರು ಹಾಕಿಸುವನು, ಹಿಂದಿನ ತೊಟ್ಟಿಗೆ ತಗಡು ಹೊಡೆಸುವನು; ಮುಂದಿನ ಉದ್ದ ಸೀಟು ಹರಿದು ಕುಸಿದರೆ ಮಾತ್ರ ಅದರ ಮೇಲೊಂದು ಗೋಣಿಚೀಲ ಹಾಸಿ ಸುಮ್ಮನಾಗುವನು. ಸೆಕೆಂಡಿಗೆ ಸುಮಾರು 4ರಿಂದ 8 ಸಲದ ಮೇಲುಕೆಳಗಿನ ಅದುರು ಮನುಷ್ಯ ಶರೀರಕ್ಕೆ ಅತ್ಯಂತ ಬಾಧಕವೆಂದು ಶಾಸ್ತ್ರಜ್ಞರು ನಿರ್ಧರಿಸಿದ್ದಾರೆ. ಬಹುಕಾಲ ಅದನ್ನು ಸಹಿಸಿದವನಿಗೆ ಸೊಂಟನೋವು ಬರುವ ಸಂಭವ ಹೆಚ್ಚು. ಸೀಟು ಸಡಿಲವಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಥಟ್ಟನೆ ಬ್ರೇಕು ಹಾಕಿದಾಗ ಕುಳಿತವರು ಸೀಟಿನೊಡನೆಯೇ ಮುಂದಕ್ಕೆ ನೂಕಲ್ಪಡುವರು.

ಆದ್ದರಿಂದ ಸೀಟು ಬದಲಾಯಿಸುವುದು ಅಲಂಕಾರದ ಖರ್ಚಲ್ಲ, ರಕ್ಷಣೆಯ ಖರ್ಚು. ಅದೇ ತಯಾರಿಕೆಯ ಗಾಡಿಯ ಸೀಟೇ ಉತ್ತಮ. ಗುಜರಿಯಲ್ಲಿ ಕೊಳ್ಳುವುದಾದರೆ ಅದರ ಕಬ್ಬಿಣದ ಚೌಕಟ್ಟು ಬಿರುಕು ಬಿಟ್ಟಿಲ್ಲವೆಂದು ನೋಡತಕ್ಕದ್ದು. ಬೋಲ್ಟಿನ ತೂತುಗಳ ಅಂತರ, ಗೇರು ಮತ್ತು ಕೈಬ್ರೇಕಿನ ಓಡಾಟಕ್ಕೆ ಬೇಕಾದ ಜಾಗ, ಕ್ಲಚ್ಚು ಬ್ರೇಕುಗಳನ್ನು ಪೂರ್ತಿ ಒತ್ತಲು ಕಾಲಿಗೆ ಒದಗುವ ಎತ್ತರ, ಇವಿಷ್ಟನ್ನೂ ಕೊಳ್ಳುವ ಮೊದಲೇ ಅಳೆಯಬೇಕು. ಮೆತ್ತೆಗೆ ರಬ್ಬರು ಬೆರೆಸಿದ ತೆಂಗಿನ ನಾರು ದೊರೆತರೆ ಅದು ಗಾಳಿಯಾಡುವುದರಿಂದ ಬೇಸಿಗೆಯಲ್ಲಿ ಹಿತಕರ. ತೆಂಗು ಬೆಳೆಯುವವರ ನಾರಿಗೂ ಅದರಿಂದ ಗಿರಾಕಿಯುಂಟು.

ಜಿನನಾಥಪುರದಲ್ಲಿರುವ ಹೊಯ್ಸಳರ ಕಾಲದ ಶಾಂತಿನಾಥ ಬಸದಿಯಾಗಲಿ, ಬೇರಾವ ಕಟ್ಟಡವಾಗಲಿ ನಿಲ್ಲುವುದು ತಳಹದಿಯ ಬಲದಿಂದ. ಸೀಟಿಗೂ ಇದೇ ನ್ಯಾಯ. ಹಳೆಯ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸೀಟು ತೆಗೆದ ಮೇಲೆ ಅಡಿಯ ತಗಡನ್ನು ಕೆರೆದು ನೋಡಬೇಕು. ತುಕ್ಕು ತಿಂದ ತಗಡಿಗೆ ಎಷ್ಟು ಬಿಗಿದರೂ ವ್ಯರ್ಥ. ಮೊದಲು ಅದನ್ನು ಬೆಸೆಸಿ ಗಟ್ಟಿ ಮಾಡಿಸಬೇಕು. ಬೆಸುಗೆಗೆ ಮುಂಚೆ ಬ್ಯಾಟರಿಯ ತಂತಿ ಬಿಚ್ಚುವುದೂ ಮೆತ್ತೆಯನ್ನು ದೂರವಿಡುವುದೂ ಅವಶ್ಯ. ಬೋಲ್ಟುಗಳು ಮೊದಲಿನಷ್ಟೇ ದಪ್ಪವೂ ಬಲವೂ ಉಳ್ಳವಾಗಿರಲಿ. ಎಲ್ಲವನ್ನೂ ಕೈಯಿಂದ ತಿರುಗಿಸಿ ಕೂರಿಸಿದ ಮೇಲೆ, ಎದುರುಬದುರು ಮೂಲೆಗಳಲ್ಲಿ ಒಂದೊಂದಾಗಿ ಬಿಗಿಯತಕ್ಕದ್ದು. ಬೆಲ್ಟನ್ನು ತಯಾರಕರು ಗೊತ್ತುಮಾಡಿದ ಸ್ಥಳಕ್ಕೇ ಬಿಗಿಯಬೇಕಲ್ಲದೆ ಹಲಗೆಗಾಗಲಿ ಬರಿಯ ತಗಡಿಗಾಗಲಿ ಅಲ್ಲ. ಕೆಲವು ದಿನ ಓಡಿಸಿದ ಮೇಲೆ ಬಿಗುವನ್ನು ಪುನಃ ಪರೀಕ್ಷಿಸುವುದು ಕ್ಷೇಮ.

ಹೊಸ ಸೀಟು ಹಾಕಿಸುವ ನೆಪದಲ್ಲಿ ಇನ್ನೂ ಇಬ್ಬರು ಆಳುಗಳಿಗೆ ಜಾಗ ಮಾಡಿಸುವ ಆಲೋಚನೆ ಸಲ್ಲದು. ತಯಾರಕರು ಗೊತ್ತುಪಡಿಸಿದ ವಿವರಗಳಿಗೂ ನೋಂದಣಿ ಪತ್ರಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ನಿಷೇಧಿಸುತ್ತದೆ.

ಗಾಡಿ ಹೇಗೂ ಹಳೆಯದು, ನಾಳೆ ಗುಜರಿಗೆ ಹೋಗತಕ್ಕದ್ದು, ಅದಕ್ಕೇಕೆ ಖರ್ಚೆಂದು ಕೆಲವರು ಹೇಳಬಹುದು. ಗಾಡಿ ಗುಜರಿಗೆ ಹೋದರೂ ಅದನ್ನು ನಡೆಸಿದವನ ಬೆನ್ನು ಅವನೊಡನೆಯೇ ಉಳಿಯುವುದು. ಅವನು ಸಂಬಳದ ಆಳಾಗಿರಬಹುದು, ಮನೆಯ ಮಗನೇ ಆಗಿರಬಹುದು. ಗ್ರಾಮದ ಮುಖಂಡರು ತಮ್ಮ ಗಾಡಿಯಿಂದಲೇ ಈ ಕಾರ್ಯವನ್ನು ಆರಂಭಿಸಿದರೆ ಉಳಿದವರು ಅನುಸರಿಸುವರು. ಮುಂದಿನ ಫಸಲು ಹೇರುವುದಕ್ಕೆ ಮೊದಲು ಪ್ರತಿಯೊಬ್ಬ ಜಮೀನುದಾರನೂ ತನ್ನ ಗಾಡಿಯ ಸೀಟಿನ ಮೇಲಿನ ಗೋಣಿಯನ್ನೆತ್ತಿ ಅಡಿಯಲ್ಲಿ ಏನಿದೆಯೆಂದು ಒಮ್ಮೆ ನೋಡುವುದು ಶ್ರೇಯಸ್ಕರ.