ಹುಲ್ಲು ಯಾರಪ್ಪಂದು?

ಗೆಳೆಯರೇ, ದನದ ಗೊರಸಿನಿಂದ ಮಲೆ ಹಾಳಾಯಿತು ಅಂತ ಭಾಷಣ ಬಿಗಿಯುವವರನ್ನು ಮೊದಲು ಒಂದು ಮಾತು ಕೇಳೋಣ: ಸ್ವಾಮೀ, ನೀವು ಯಾವತ್ತಾದರೂ ದನ ಕಾದಿದ್ದೀರಾ?

ನಾವು ಕಾದಿದ್ದೇವೆ. ನಮ್ಮ ಅಪ್ಪಂದಿರು ಧಣಿಗಳ ಹಟ್ಟಿಯ ದನ ಕಾದರು. ನಾವು ಶಾಲೆ ಬಿಟ್ಟ ಕೂಡಲೇ ಪದವು ಹತ್ತಿದೆವು. ಒಂದೇ ಗುಡ್ಡೆಯಲ್ಲಿ ದಿನಾ ಮೇಯಿಸಿದರೆ ಹುಲ್ಲು ಬುಡ ಸಮೇತ ಕಿತ್ತುಬರುತ್ತದೆ, ಮಳೆಗೆ ಮಣ್ಣು ಜಾರುತ್ತದೆ. ಬೀಜ ಉದುರುವವರೆಗೆ ಗುಡ್ಡೆಗೆ ಬಿಡುವು ಕೊಡಬೇಕು. ಹಾಗಂತ ಮೇಯದೇ ಬಿಟ್ಟರೆ, ಒಣಗಿ ನಿಂತ ಮುಳಿಹುಲ್ಲು ಬೇಸಿಗೆಯಲ್ಲಿ ಒಂದು ಬೀಡಿಯ ಕಿಡಿಗೆ ಉರಿಯುತ್ತದೆ. ಇಷ್ಟು ತಿಳಿಯಲು ನಮಗೆ ಡಿಗ್ರಿ ಬೇಕಿರಲಿಲ್ಲ.

ಆದರೆ ಗುಡ್ಡೆ ಬದಲಿಸಿ ಮೇಯಿಸಲು ನಮಗೆ ಗುಡ್ಡೆ ಎಲ್ಲಿ ಉಳಿದಿದೆ?

ಬಂಟ್ವಾಳ, ಮೂಡುಬಿದಿರೆಯ ಕಡೆ ನೋಡಿ. ಕುಮ್ಕಿ ಸರ್ಕಾರದ ಜಾಗ. ಅದರಲ್ಲಿ ಮೇವು, ಸೊಪ್ಪು, ಸೌದೆಯ ಸವಲತ್ತು ಮಾತ್ರ ಹಳೇ ಕದೀಂ ವರ್ಗದ ಜಮೀನುಳ್ಳವನಿಗೆ. 1964ರ ಭೂಕಂದಾಯ ಕಾಯ್ದೆಯೂ ಅದನ್ನೇ ಕಾಪಾಡಿತು. ವರ್ಗವೇ ಇಲ್ಲದ ನಮಗೆ ಕುಮ್ಕಿ ಎಲ್ಲಿಂದ ಬರಬೇಕು? ಜಮೀನು ಇದ್ದವನ ದನಕ್ಕೆ ಕಾನೂನೇ ಹುಲ್ಲು ಹಾಕುತ್ತದೆ. ಇಲ್ಲದವನ ದನ ಕಳ್ಳದನ! ಆ ಹುಲ್ಲೂ ಈಗ ಎಷ್ಟೋ ಕಡೆ ರಬ್ಬರ್, ಅಡಿಕೆಯ ಬೇಲಿಯೊಳಗೆ ಸತ್ತಿದೆ.

ಮೇಲೆ ಬೆಳ್ತಂಗಡಿಯ ಘಟ್ಟ, ನೇತ್ರಾವತಿ ಹುಟ್ಟುವ ಮಲೆ. 1987ರಲ್ಲಿ ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು. ಮಲೆಕುಡಿಯರ ಎಷ್ಟೋ ಮನೆಗಳು ಅದರೊಳಗೇ ಸಿಕ್ಕಿಕೊಂಡವು. 1972ರ ವನ್ಯಜೀವಿ ಕಾಯ್ದೆ ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸುವುದನ್ನು ಪೂರಾ ನಿಷೇಧಿಸುತ್ತದೆ. ಅನುಮತಿ ಪಡೆದವನ ಸವಾರಿಯ ಪ್ರಾಣಿಗೆ ಮಾತ್ರ ದಾರಿ! ಅದೇ ಮಲೆಯಲ್ಲಿ 2005ರ ಕೊನೆಯವರೆಗೆ ಗುಡ್ಡ ಗುಡ್ಡವನ್ನೇ ಅಗೆದು ಅದಿರು ಸಾಗಿಸಿದರು. ಹುಲ್ಲಿನ ಇಳಿಜಾರಿನಲ್ಲಿ ಅಕೇಶಿಯಾ, ನೀಲಗಿರಿ ನೆಟ್ಟರು. ಹುಲ್ಲುಗಾವಲನ್ನು ಪಾಳು ಅಂದ ಕಣ್ಣೇ ದನ ಕಾಯುವವನನ್ನು ಕೇಡಿ ಅಂದದ್ದು.

ಮಲೆಯನ್ನು ಲೂಟಿಗೆ ಬಿಡಿ ಅಂತ ನಾವು ಕೇಳುತ್ತಿಲ್ಲ. ಕಾಡುಕೋಣ, ಕಡವೆಯ ಪಾಲು ತೆಗೆದಿಟ್ಟೇ ನಮ್ಮ ಪಾಲು ಕೇಳುತ್ತೇವೆ. 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವುದನ್ನು ಸಮುದಾಯದ ಹಕ್ಕೆಂದು ಒಪ್ಪಿದೆ, ರಾಷ್ಟ್ರೀಯ ಉದ್ಯಾನವನ್ನೂ ಹೊರಗಿಟ್ಟಿಲ್ಲ. ಕಾಡು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ಎಷ್ಟು ದನ, ಯಾವ ತಿಂಗಳು, ಯಾವ ಗುಡ್ಡೆಗೆ ಬಿಡುವು ಎಂಬುದು ಆ ಸಭೆಯಲ್ಲಿ, ದನ ಕಾದವರ ಬಾಯಿಂದಲೇ ತೀರ್ಮಾನವಾಗಲಿ. ಕುಮ್ಕಿಯ ಹುಲ್ಲಿನಲ್ಲಿ ಜಮೀನಿಲ್ಲದವನಿಗೂ ಪಾಲು ಬರಲಿ.

ಹಳ್ಳಿಯ ಮಾಸ್ಟ್ರುಗಳೇ, ಗೋವು ನಮ್ಮ ತಾಯಿ ಅಂತ ಮಕ್ಕಳಿಂದ ಪ್ರಬಂಧ ಬರೆಸುವ ಮೊದಲು, ಆ ತಾಯಿ ಮೇಯುವ ಜಾಗ ಯಾರ ಕೈಯಲ್ಲಿದೆ ಅಂತ ಬರೆಸಿ. ಹುಲ್ಲಿಗೆ ವರ್ಗವಿಲ್ಲ. ವರ್ಗ ಮಾಡಿದವರು ಮನುಷ್ಯರು. ಅದನ್ನು ಮುರಿಯಬೇಕಾದವರು ನಾವು.