ಲಾಭವಿಲ್ಲ ಅಂತ ಗೊತ್ತಿದ್ದೂ ಈ ಪೆಟ್ಟಿಗೆ ಯಾಕೆ ಕೊಳ್ಳುತ್ತಾರೆ?

ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಬೋರ್ಡು. ಮೇಲೊಂದು ಪುಟ್ಟ ಫ್ಯಾನು, ಎರಡು ಬೆರಳಗಲದ ಪರದೆ. ವೈಫೈಗೆ ಜೋಡಿಸಿ ಕರೆಂಟ್ ಕೊಟ್ಟರೆ ಹಗಲೂ ರಾತ್ರಿ ಬಿಟ್‌ಕಾಯಿನ್ ಹುಡುಕುತ್ತದೆ. ಹೆಸರು ಬಿಟ್‌ಆ್ಯಕ್ಸ್. ಇದರ ರೀಲ್ಸ್ ಈಗ ನಮ್ಮ ಹಾವೇರಿ ಕಡೆಯ ಹುಡುಗರ ಫೋನಿನಲ್ಲೂ ಓಡುತ್ತಿವೆ. ಡಿಪ್ಲೊಮಾ ಓದುವ ಒಬ್ಬ ಹುಡುಗ ಲಿಂಕ್ ಕಳಿಸಿ ಕೇಳಿದ: "ಅಣ್ಣಾ, ಇದನ್ನ ತಗೊಂಡ್ರ ಹೆಂಗ? ಮನ್ಯಾಗ ಗೃಹಜ್ಯೋತಿ ಐತಿ, ಕರೆಂಟ್ ಫ್ರೀ."

ಆಟಕ್ಕಾದರೆ ತಗೋ, ದುಡಿಮೆಗಾದರೆ ಬೇಡ ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ. ಲಾಭ ಇಲ್ಲದಿದ್ದರೆ ಅಮೆರಿಕದವರು, ಯುರೋಪಿನವರು ಯಾಕೆ ಕೊಳ್ಳುತ್ತಾರೆ ಅನ್ನುವುದು ಅವನ ವಾದ. ನ್ಯಾಯವಾದ ಪ್ರಶ್ನೆಯೇ. ಆ ಉತ್ತರ ಫೋನಿನಲ್ಲಿ ಎರಡು ಮಾತಿಗೆ ಮುಗಿಯುವಂಥದ್ದಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಮೈನಿಂಗ್ ಅಂದರೇನು ನೋಡಿ. ಬಿಟ್‌ಕಾಯಿನ್‌ನ ಲೆಕ್ಕದ ಪುಸ್ತಕಕ್ಕೆ ಸುಮಾರು 10 ನಿಮಿಷಕ್ಕೊಂದು ಹೊಸ ಹಾಳೆ ಸೇರುತ್ತದೆ. ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಹಾಳೆ ಸೇರಿಸುವ ಹಕ್ಕು ಯಾರಿಗೆ ಅಂತ ತೀರ್ಮಾನಿಸಲು ಜಗತ್ತಿನ ಯಂತ್ರಗಳೆಲ್ಲ ಒಂದು ಸಂಖ್ಯೆಯನ್ನು ಊಹಿಸುತ್ತ ಹೋಗುತ್ತವೆ. ಸರಿಯಾದದ್ದು ಯಾರಿಗೆ ಮೊದಲು ಸಿಗುತ್ತದೋ ಅವರಿಗೆ ಬಹುಮಾನ. 2009ರಲ್ಲಿ ಶುರುವಾದಾಗ ಅದು 50 ಬಿಟ್‌ಕಾಯಿನ್. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧ ಆಗುತ್ತ ಬಂದು, 2024ರ ಏಪ್ರಿಲ್‌ನಿಂದ 3.125. ಇದರಲ್ಲಿ ಜಾಣತನ ಏನೂ ಇಲ್ಲ. ಸೆಕೆಂಡಿಗೆ ಎಷ್ಟು ಸಲ ಊಹಿಸುತ್ತೀರಿ ಅನ್ನುವುದಷ್ಟೇ ಲೆಕ್ಕ.

ಇನ್ನೊಂದು ನಿಯಮ ಇದೆ, ಅದನ್ನು ರೀಲ್ಸ್‌ನವರು ಹೇಳುವುದಿಲ್ಲ. ಪ್ರತಿ 2016 ಬ್ಲಾಕ್‌ಗೆ, ಅಂದರೆ ಹೆಚ್ಚುಕಮ್ಮಿ ಎರಡು ವಾರಕ್ಕೊಮ್ಮೆ, ಒಗಟು ಎಷ್ಟು ಕಷ್ಟ ಇರಬೇಕು ಅನ್ನುವುದು ತಾನಾಗಿ ಬದಲಾಗುತ್ತದೆ. ಯಂತ್ರ ಹೆಚ್ಚಾದರೆ ಒಗಟು ಕಷ್ಟವಾಗುತ್ತದೆ, ನಾಣ್ಯ ಮಾತ್ರ ಅಷ್ಟೇ. ನಮ್ಮವರಿಗೆ ಇದು ಹೊಸದಲ್ಲ. ನೆಲದಡಿಯ ನೀರು ಇದ್ದಷ್ಟೇ. ಪಕ್ಕದ ಹೊಲದವನು 600 ಅಡಿ ಕೊರೆಸಿದ ಅಂತ ನೀವು 800 ಕೊರೆಸುತ್ತೀರಿ, ಅವನು ಮುಂದಿನ ವರ್ಷ ಸಾವಿರಕ್ಕೆ ಹೋಗುತ್ತಾನೆ. ಹಳೇ ಬೋರಿನಲ್ಲಿ ಬರೀ ಗಾಳಿ.

ಈಗ ಬಿಟ್‌ಆ್ಯಕ್ಸ್‌ನ ಲೆಕ್ಕ. ಅದರ ಗಾಮಾ ಅನ್ನುವ ಮಾದರಿ ಸೆಕೆಂಡಿಗೆ ಸುಮಾರು 1.2 ಲಕ್ಷ ಕೋಟಿ ಸಲ ಊಹಿಸುತ್ತದೆ. ಕೇಳಿದರೆ ಎದೆ ಝಲ್ ಅನ್ನಬೇಕು. ಆದರೆ 2025ರಲ್ಲಿ ಇಡೀ ಬಿಟ್‌ಕಾಯಿನ್ ಜಾಲದ ವೇಗ ಅಂಥ ಲಕ್ಷ ಕೋಟಿಗಳನ್ನು ನೂರು ಕೋಟಿ ಸಲ ಜೋಡಿಸಿದಷ್ಟಾಯಿತು. ಅಂದರೆ ಸುಮಾರು 83 ಕೋಟಿ ಚೀಟಿಯಲ್ಲಿ ನಿಮ್ಮದು ಒಂದು. 10 ನಿಮಿಷಕ್ಕೊಮ್ಮೆ ಚೀಟಿ ಎತ್ತುತ್ತಾರೆ ಅನ್ನುವುದು ನಿಜ. ಹಾಗಿದ್ದರೂ ಸರಾಸರಿಯಲ್ಲಿ ನಿಮ್ಮ ಸರದಿ ಬರಲು 15 ಸಾವಿರ ವರ್ಷದ ಮೇಲೆ ಬೇಕು.

ಇನ್ನೂ ಅಗ್ಗದ್ದು ನರ್ಡ್‌ಮೈನರ್. ಮೊಬೈಲ್ ಚಾರ್ಜರಿನಲ್ಲೇ ಓಡುತ್ತದೆ. ಎಷ್ಟು ಒಳ್ಳೆಯದಿದ್ದರೂ ಸೆಕೆಂಡಿಗೆ ಮೂರ್ನಾಲ್ಕು ಲಕ್ಷ ಊಹೆ. ಅದರ ಸರದಿಗೆ ಈ ಬ್ರಹ್ಮಾಂಡದ ವಯಸ್ಸಿನ ನಾಲ್ಕು ಪಟ್ಟು ಕಾಲ ಬೇಕು. ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ.

ಚೀಟಿ ಬೇಡ, ನಾಲ್ಕು ಜನರ ಜೊತೆ ಸೇರಿ ಗಳಿಸಿದ್ದನ್ನು ಹಂಚಿಕೊಳ್ಳುವ ಪೂಲ್‌ಗೆ ಹಾಕುತ್ತೇನೆ ಅನ್ನಿ. ಬಿಟ್‌ಕಾಯಿನ್ ಬೆಲೆ ದಿನಾ ಏರಿಳಿಯುತ್ತದೆ. ಲೆಕ್ಕಕ್ಕೆ 80 ಲಕ್ಷ ಅಂತ ಇಟ್ಟುಕೊಳ್ಳೋಣ. ಬಿಟ್‌ಆ್ಯಕ್ಸ್‌ಗೆ ವರ್ಷಕ್ಕೆ ಬರುವುದು ಹೆಚ್ಚೆಂದರೆ 1,600 ರೂಪಾಯಿ. 18 ವ್ಯಾಟ್‌ನಂತೆ ವರ್ಷವಿಡೀ ಓಡಿದರೆ 158 ಯೂನಿಟ್, ಯೂನಿಟ್‌ಗೆ 6 ರೂಪಾಯಿ ಹಿಡಿದರೆ 950. ಉಳಿದದ್ದು 650. ಯಂತ್ರಕ್ಕೆ 15 ಸಾವಿರ ಕೊಟ್ಟಿದ್ದರೆ ಅಸಲು ಬರಲು 23 ವರ್ಷ. ಅದೂ ಜಗತ್ತಿನಲ್ಲಿ ಇನ್ನು ಮುಂದೆ ಯಾರೂ ಹೊಸ ಯಂತ್ರ ಹಾಕದಿದ್ದರೆ!

ಹಾಗಾದರೆ ಕೊಳ್ಳುವವರು ಪೆದ್ದರೋ? ಅಲ್ಲ ಅನ್ನುವುದೇ ನನ್ನ ಅಭಿಪ್ರಾಯ. ಅವರಲ್ಲಿ ಬಹಳಷ್ಟು ಜನರಿಗೆ ಈ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು.

ನಮ್ಮ ಕಡೆ ದೀಪಾವಳಿಯಿಂದ ಶುರುವಾಗುವ ಹೋರಿ ಹಬ್ಬ ನೋಡಿ. ಕೊಬ್ಬರಿ ಹೋರಿ ಸಾಕುವವರು ಅದಕ್ಕೆ ಹಾಕುವ ಹಿಂಡಿ, ಹುರುಳಿ, ಮೊಟ್ಟೆಯ ಖರ್ಚನ್ನು ಯಾವತ್ತಾದರೂ ವಹಿಯಲ್ಲಿ ಬರೆದಿದ್ದಾರಾ? ಆ ಹೋರಿ ಉಳುವುದಿಲ್ಲ, ಗಾಡಿ ಎಳೆಯುವುದಿಲ್ಲ. ವರ್ಷಕ್ಕೆ ನಾಲ್ಕು ಅಖಾಡದಲ್ಲಿ ಯಾರ ಕೈಗೂ ಸಿಗದೆ ಓಡಿದರೆ ಸಾಕು. ಹೋರಿಯ ಹೆಸರು ಬರೆದ ಬ್ಯಾನರ್ ಊರ ಬಾಗಿಲಲ್ಲಿ ಏಳುತ್ತದೆ. ಅದನ್ನು ನಷ್ಟದ ವ್ಯವಹಾರ ಅಂತ ಯಾರೂ ಕರೆಯುವುದಿಲ್ಲ, ಯಾಕೆಂದರೆ ಅದು ವ್ಯವಹಾರವೇ ಅಲ್ಲ.

ಬಿಟ್‌ಆ್ಯಕ್ಸ್ ಇಟ್ಟುಕೊಂಡವರದೂ ಅದೇ ಕಥೆ. ಅದರ ನಕ್ಷೆ, ಸಾಫ್ಟ್‌ವೇರ್ ಎಲ್ಲ ಮುಕ್ತ. ಯಾರು ಬೇಕಾದರೂ ನೋಡಬಹುದು, ಬೆಸುಗೆ ಹಾಕಿ ಮಾಡಿಕೊಳ್ಳಬಹುದು. ಫೋನಿನಲ್ಲೇ ಅದರ ಪುಟ ತೆರೆದು ಚಿಪ್ಪು ಎಷ್ಟು ಬಿಸಿಯಾಗಿದೆ, ವೋಲ್ಟೇಜ್ ಎಷ್ಟು ಅಂತ ನೋಡುತ್ತ, ವೇಗ ಒಂದಿಷ್ಟು ಏರಿಸಿ, ಫ್ಯಾನು ಬದಲಿಸಿ ಆಡುತ್ತಾರೆ. ತನ್ನ ಯಂತ್ರ ಗುರಿಯ ಎಷ್ಟು ಹತ್ತಿರ ಹೋಗಿತ್ತು ಅನ್ನುವ ಅಂಕಿ ಅದರಲ್ಲಿ ಕಾಣುತ್ತದೆ. ಆ ಅಂಕಿಯನ್ನೇ ಗೆಳೆಯರಿಗೆ ತೋರಿಸಿ ಮೀಸೆ ತಿರುವುತ್ತಾರೆ. ಒಂದು ಪೈಸೆ ಬಂದಿರುವುದಿಲ್ಲ.

ಕೆಲವರಿಗೆ ಇದು ತತ್ವದ ವಿಷಯ. ಯಾರ ಹಿಡಿತಕ್ಕೂ ಸಿಗಬಾರದು ಅಂತ ಹುಟ್ಟಿದ ವ್ಯವಸ್ಥೆಯಲ್ಲಿ ಈಗ ಫೌಂಡ್ರಿ, ಆ್ಯಂಟ್‌ಪೂಲ್ ಎಂಬ ಎರಡು ಪೂಲ್‌ಗಳ ಪಾಲೇ ಎಷ್ಟೋ ಸಲ ಅರ್ಧದಷ್ಟು ಇರುತ್ತದೆ. ಮನೆಮನೆಯಲ್ಲಿ ಸಣ್ಣ ಯಂತ್ರ ಇದ್ದರೆ ದೊಡ್ಡವರ ಹಿಡಿತ ಸಡಿಲವಾದೀತು ಅನ್ನುವುದು ಅವರ ಆಸೆ. ಆಸೆ ಒಳ್ಳೆಯದೇ. ಆದರೆ ಬಿಟ್‌ಆ್ಯಕ್ಸ್‌ನೊಳಗೆ ಕೂರುವ ಚಿಪ್ಪು ಕೂಡ ಚೀನಾದ ಬಿಟ್‌ಮೈನ್ ಎಂಬ ದೈತ್ಯ ಕಂಪನಿಯದೇ. ಹುಲಿಯನ್ನು ಹೆದರಿಸಲು ಹುಲಿಯ ಹತ್ತಿರವೇ ಉಗುರು ತಂದಂತೆ.

ಚಳಿ ದೇಶದವರದು ಇನ್ನೊಂದು ಕಾರಣ. 2016ರಲ್ಲಿ ಬಂದ ಆ್ಯಂಟ್‌ಮೈನರ್ ಎಸ್9 ಎಂಬ ಹಳೇ ಯಂತ್ರ ಈಗ ಗುಜರಿ ಬೆಲೆಗೆ ಸಿಗುತ್ತದೆ. ಕೆನಡಾದಂಥ ಕಡೆ ಕೆಲವರು ಅದನ್ನು ಕೋಣೆ ಕಾಯಿಸಲು ಇಟ್ಟುಕೊಳ್ಳುತ್ತಾರೆ. ಹೇಗೂ ಹೀಟರ್‌ಗೆ ಕರೆಂಟ್ ಸುಡಬೇಕು, ಜೊತೆಗೆ ನಾಲ್ಕು ಕಾಸು ಬರಲಿ ಅಂತ. ಅಲ್ಲಿ ಅದು ಸರಿ. ಏಪ್ರಿಲ್ ತಿಂಗಳ ಹಾವೇರಿಯಲ್ಲಿ ಅದನ್ನು ಇಟ್ಟುಕೊಂಡು ಏನು ಮಾಡುತ್ತೀರಿ? ಹಿಟ್ಟಿನ ಗಿರಣಿಯ ಪಕ್ಕ ಮಲಗಿದಂತೆ ಸದ್ದು ಬೇರೆ. ದಿನಕ್ಕೆ 32 ಯೂನಿಟ್, ಅಂದರೆ 190 ರೂಪಾಯಿಯ ಕರೆಂಟ್ ಕುಡಿದು 50 ರೂಪಾಯಿಯಷ್ಟು ಗಳಿಸುತ್ತದೆ.

ಇನ್ನು ಉಳಿದದ್ದು ಲಾಟರಿ ಆಸೆ. ಇದನ್ನು ನಾನು ಹಗುರ ಮಾಡುವುದಿಲ್ಲ. 2024ರ ಜುಲೈನಲ್ಲಿ ಮೂರೇ ಟೆರಾಹ್ಯಾಶ್‌ನಷ್ಟು ವೇಗ ಇದ್ದ ಒಬ್ಬರಿಗೆ ಇಡೀ ಬ್ಲಾಕ್ ಸಿಕ್ಕಿತು. ನಮ್ಮ ಲೆಕ್ಕದಲ್ಲಿ ಅದು ಎರಡೂವರೆ ಕೋಟಿ. ಅಂಥ ಸುದ್ದಿ ಬಂದ ವಾರ ಯಂತ್ರ ಮಾರುವವರಿಗೆ ಸುಗ್ಗಿ. ಜಾತ್ರೆಯಲ್ಲಿ ಯಾರ ಹರಕೆ ತೀರಿತೋ ಬಿಟ್ಟಿತೋ, ಅಂಗಡಿ ಹಾಕಿದವನಿಗೆ ಮಾತ್ರ ವ್ಯಾಪಾರ ಖಾತ್ರಿ. ಉಳಿದ ಸಾವಿರಾರು ಜನರ ಬೋರ್ಡು ಸುಮ್ಮನೆ ಬೆಚ್ಚಗಾಗುತ್ತ ಕೂತಿತ್ತು ಅಂತ ಯಾವ ಪತ್ರಿಕೆಯೂ ಬರೆಯುವುದಿಲ್ಲ. ಅದು ಸುದ್ದಿ ಅಲ್ಲವಲ್ಲ. ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಂತಿತು. ಆದರೂ ಗಡಿ ದಾಟಿ ಕೇರಳದ ಟಿಕೆಟ್ ಕೊಳ್ಳುವುದು ನಿಂತಿಲ್ಲ. 2024ರ ಓಣಂ ಬಂಪರ್‌ನ 25 ಕೋಟಿ ಬಂದದ್ದು ಮಂಡ್ಯ ಜಿಲ್ಲೆಯವರಿಗೇ. ಅವರ ಊರಿನ ಸುತ್ತ ಆಮೇಲೆ ಎಷ್ಟು ಜನ ಟಿಕೆಟ್ ಹುಡುಕಿಕೊಂಡು ಹೋಗಿರಬಹುದು, ನೀವೇ ಊಹಿಸಿ.

ಇಷ್ಟೆಲ್ಲ ಒಪ್ಪಿದ ಮೇಲೂ ನನಗೆ ಭಯ ಇರುವುದು ಒಂದು ಕಡೆ. ಶೋಕಿಯ ಸಾಮಾನು ಊರಿಗೆ ಬರುವಾಗ ಹೂಡಿಕೆಯ ಬಟ್ಟೆ ತೊಟ್ಟು ಬರುತ್ತದೆ. ಅಲ್ಲಿನ ಎಂಜಿನಿಯರ್‌ಗೆ 15 ಸಾವಿರ ಒಂದು ವಾರಾಂತ್ಯದ ಖರ್ಚು. ಇಲ್ಲಿ ಅದು ಹುಡುಗನ ಅವ್ವ ಸಂಘದಿಂದ ಎತ್ತಿದ ಸಾಲ.

ಗೃಹಜ್ಯೋತಿಯ ಮಾತನ್ನೂ ಹೇಳಿಬಿಡುತ್ತೇನೆ. ಅದು 200 ಯೂನಿಟ್‌ವರೆಗೆ ಎಷ್ಟು ಬೇಕಾದರೂ ಸುಡಿ ಅನ್ನುವ ಯೋಜನೆ ಅಲ್ಲ. ನಿಮ್ಮ ಮನೆಯ ಹಳೇ ಸರಾಸರಿಯ ಮೇಲೆ ಒಂದಿಷ್ಟು ಸೇರಿಸಿ ಮಿತಿ ಹಾಕಿದ್ದಾರೆ. ದಾಟಿದ್ದಕ್ಕೆ ದುಡ್ಡು ಕೊಡಬೇಕು. 200 ದಾಟಿದರೆ ಪೂರ್ತಿ ಬಿಲ್ಲು. ಬಿಟ್‌ಆ್ಯಕ್ಸ್ ತಿಂಗಳಿಗೆ 13 ಯೂನಿಟ್, ಹೇಗೋ ನುಸುಳೀತು. ಎಸ್9 ತಿಂಗಳಿಗೆ ಸಾವಿರದ ಹತ್ತಿರ. ಪಂಪ್‌ಸೆಟ್ಟಿನ ಲೈನಿಗೆ ಹಾಕುತ್ತೇನೆ ಅನ್ನುವ ಜಾಣರೂ ಇದ್ದಾರೆ. ಬೇಸಾಯಕ್ಕೆ ಕೊಟ್ಟ ಕರೆಂಟನ್ನು ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಂತೆ ಎರಡು ಪಟ್ಟು ದರ ಹಾಕುತ್ತಾರೆ.

ತೆರಿಗೆಯೂ ಇದೆ. ಕ್ರಿಪ್ಟೋ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ 30. ಯಂತ್ರ ಕೊಂಡ ಖರ್ಚು, ಕರೆಂಟ್ ಖರ್ಚು ಕಳೆಯಲು ಬಿಡುವುದಿಲ್ಲ ಅಂತ ಕೇಂದ್ರ ಸರ್ಕಾರ ಆಗಲೇ ಹೇಳಿದೆ. ಮೇಲಿನ ಲೆಕ್ಕದಲ್ಲಿ ಉಳಿದ 650 ರೂಪಾಯಿಯಲ್ಲಿ ಇನ್ನೆಷ್ಟು ಹೋಯಿತು ನೋಡಿಕೊಳ್ಳಿ.

ಯಂತ್ರವನ್ನಾದರೂ ಕೈಗೆ ಕೊಡುವವನು ವಾಸಿ. ಯಂತ್ರವನ್ನೇ ತೋರಿಸದೆ ದುಡ್ಡು ಎತ್ತಿದವರ ಚರಿತ್ರೆ ನಮ್ಮ ದೇಶದಲ್ಲಿ ದೊಡ್ಡದಿದೆ. ಗೇನ್‌ಬಿಟ್‌ಕಾಯಿನ್ ಎಂಬುದು 18 ತಿಂಗಳು ತಿಂಗಳಿಗೆ ಶೇ 10 ಕೊಡುತ್ತೇವೆ ಅಂದಿತ್ತು. ಎಚ್‌ಪಿಜೆಡ್ ಟೋಕನ್ ಎಂಬ ಆ್ಯಪ್, ಮೈನಿಂಗ್ ಯಂತ್ರಕ್ಕೆ 57 ಸಾವಿರ ಹಾಕಿದರೆ ಮೂರು ತಿಂಗಳು ದಿನಕ್ಕೆ 4,000 ಕೊಡುತ್ತೇವೆ ಎಂದು ನಂಬಿಸಿತ್ತು ಅಂತ ಜಾರಿ ನಿರ್ದೇಶನಾಲಯ ಹೇಳಿದೆ. ಇಲ್ಲಿ ನಿಮ್ಮ ಕೈಲಿರುವ ಲೆಕ್ಕವೇ ಸಾಕು. ಆ್ಯಂಟ್‌ಮೈನರ್ ಎಸ್21 ಅನ್ನುವ ದೊಡ್ಡ ಯಂತ್ರ, ದಿನಕ್ಕೆ 84 ಯೂನಿಟ್ ಕುಡಿಯುವಂಥದ್ದು, ಇದೇ 80 ಲಕ್ಷದ ಬೆಲೆಯಲ್ಲಿ ದಿನಕ್ಕೆ ಗಳಿಸುವುದು 720 ರೂಪಾಯಿ. ಅದರಲ್ಲಿ 500 ಕರೆಂಟಿಗೇ ಹೋಗುತ್ತದೆ. 57 ಸಾವಿರಕ್ಕೆ ದಿನಕ್ಕೆ 4,000 ಎಲ್ಲಿಂದ ಬರಬೇಕು?

ಹಾಗಾಗಿ ಎಲೆಕ್ಟ್ರಾನಿಕ್ಸ್ ಓದುವ ಹುಡುಗರು ಸ್ವಂತ ದುಡಿಮೆಯ ದುಡ್ಡಿನಲ್ಲಿ ಒಂದು ಬೋರ್ಡು ತಂದು ಆಡಿದರೆ ನನ್ನ ತಕರಾರಿಲ್ಲ. ಮೊಬೈಲ್ ಗೇಮಿಗೆ ಸುರಿಯುವುದಕ್ಕಿಂತ ಇದು ಮೇಲು. ನೆಟ್‌ವರ್ಕು, ವೋಲ್ಟೇಜು, ಬಿಸಿ ಇಳಿಸುವ ಬಗೆ ಇಷ್ಟಾದರೂ ಕಲಿಯುತ್ತಾರೆ. ತಂದ ದಿನ ಮೊದಲು ಒಂದು ಕೆಲಸ ಮಾಡಿ. ಬಹುಮಾನ ಬಂದರೆ ಯಾವ ವಿಳಾಸಕ್ಕೆ ಹೋಗಬೇಕು ಅಂತ ಅದರೊಳಗೆ ಬರೆಯುವ ಜಾಗ ಇದೆ. ಅಲ್ಲಿ ನಿಮ್ಮ ವಾಲೆಟ್ ವಿಳಾಸ ಹಾಕಿ ಒಂದೊಂದೇ ಅಕ್ಷರ ತಾಳೆ ನೋಡಿ. ಮಾರಿದವನ ವಿಳಾಸವೇ ಅಲ್ಲಿ ಉಳಿದಿದ್ದರೆ, ನಿಮ್ಮ ಮನೆಯ ಕರೆಂಟಿನಲ್ಲಿ ಅವನ ಲಾಟರಿ ಓಡುತ್ತಿರುತ್ತದೆ.