ಸೋಮವಾರದ ಹೊಟ್ಟೆನೋವು

ಭಾನುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯ ಒಂಬತ್ತು ವರ್ಷದ ಹುಡುಗ ಮಂಕಾಗುತ್ತಾನೆ. ರಾತ್ರಿಯ ಊಟ ಅರ್ಧಕ್ಕೇ ನಿಲ್ಲುತ್ತದೆ. ಬೆಳಗಾಗುತ್ತಲೇ ‘ಅಮ್ಮ, ಹೊಟ್ಟೆ ನೋವು’ ಎಂಬ ನರಳಾಟ ಮೊದಲಾಗುತ್ತದೆ. ತಾಯಿ ಓಮದ ಕಷಾಯ ಕಾಯಿಸುತ್ತಾಳೆ. ಅಜ್ಜಿ ದೃಷ್ಟಿ ತೆಗೆಯುತ್ತಾಳೆ. ತಂದೆ, ‘ಎಲ್ಲ ಶಾಲೆ ತಪ್ಪಿಸುವ ಉಪಾಯ. ಗಂಡುಹುಡುಗ ಹೀಗೆ ಅಳುವುದುಂಟೆ?’ ಎಂದು ಗದರುತ್ತಾನೆ. ವೈದ್ಯರು ಪರೀಕ್ಷಿಸಿ, ದೋಷವೇನೂ ಇಲ್ಲವೆಂದು ಈಗಾಗಲೇ ಹೇಳಿ ಕಳುಹಿಸಿದ್ದಾರೆ. ಕೊನೆಗೆ ತಾಯಿಯ ಕರುಳು ಕರಗುತ್ತದೆ. ‘ಇದೊಂದು ದಿನ ಇರಲಿ ಬಿಡಿ’ ಎನ್ನುತ್ತಾಳೆ. ಹತ್ತು ಗಂಟೆಯ ಹೊತ್ತಿಗೆ ಹುಡುಗ ಅಂಗಳದಲ್ಲಿ ಚೆಂಡಾಡುತ್ತಿರುತ್ತಾನೆ!

ಇಂಥ ಚಿತ್ರ ಎಷ್ಟೋ ಮನೆಗಳಲ್ಲಿ ಕಾಣಸಿಗುತ್ತದೆ. ಆಗ ತಂದೆಗೆ ತನ್ನ ಮಾತೇ ದಿಟವಾಯಿತೆಂಬ ಸಮಾಧಾನ. ತಾಯಿಗೆ ತಾನು ಮೋಸಹೋದೆನೆಂಬ ವ್ಯಥೆ. ಆದರೆ ಇಬ್ಬರ ಎಣಿಕೆಯೂ ತಪ್ಪು. ಹುಡುಗ ಸುಳ್ಳಾಡಿಲ್ಲ. ನೋವು ನಿಜವಾದದ್ದೇ, ಅದರ ಬೇರು ಮಾತ್ರ ಹೊಟ್ಟೆಯಲ್ಲಿಲ್ಲ, ಭಯದಲ್ಲಿದೆ.

ಅಪಾಯ ಎದುರಾದಾಗ ಹೋರಾಡುವುದಕ್ಕೋ ಓಡುವುದಕ್ಕೋ ಶರೀರವು ತಾನಾಗಿ ಸಿದ್ಧವಾಗುವುದು ನಿಸರ್ಗದ ಏರ್ಪಾಡು. ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಬೆರೆಯುತ್ತದೆ. ಎದೆ ಡವಗುಟ್ಟುತ್ತದೆ, ಉಸಿರು ಬಿರುಸಾಗುತ್ತದೆ, ರಕ್ತವು ಜಠರದಿಂದ ಕೈಕಾಲುಗಳ ಸ್ನಾಯುಗಳತ್ತ ಹರಿಯುತ್ತದೆ. ಜೀರ್ಣಕ್ರಿಯೆ ಕುಂಠಿತವಾಗಿ ಹೊಟ್ಟೆ ಹಿಂಡಿದಂತಾಗುತ್ತದೆ. ಹುಲಿಯೆದುರಿನಲ್ಲಿ ಜೀವವುಳಿಸಬಲ್ಲ ಈ ಏರ್ಪಾಡು, ನಾಳೆ ತರಗತಿಯಲ್ಲಿ ಎದ್ದು ನಿಂತು ಓದಬೇಕೆಂಬ ಯೋಚನೆಯಿಂದಲೂ ಎಚ್ಚರಗೊಳ್ಳಬಹುದು. ಇದನ್ನೆಲ್ಲ ಬಣ್ಣಿಸುವಷ್ಟು ಮಾತು ಮಗುವಿನಲ್ಲಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ: ‘ಹೊಟ್ಟೆ ನೋವು.’

ಗದರಿಕೆಯಿಂದ ಪ್ರಯೋಜನವಿಲ್ಲ. ಅದು ಅಂಜಿದವನ ಮೇಲೆ ಕಪ್ಪೆ ಎಸೆದಂತೆ. ಭಯ ಹೋಗದು, ಭಯವನ್ನು ಹೇಳಿಕೊಳ್ಳುವ ಧೈರ್ಯ ಮಾತ್ರ ಹೋಗುತ್ತದೆ. ಇದು ಬಹುಮಂದಿಗೆ ತಿಳಿದಿರುವ ಸಂಗತಿ. ಅಷ್ಟಾಗಿ ತಿಳಿಯದಿರುವುದೆಂದರೆ, ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವ ಕರುಣೆಯೂ ಭಯವನ್ನೇ ಸಾಕುತ್ತದೆ ಎಂಬುದು. ಶಾಲೆಯ ವ್ಯಾನು ಮುಂದೆ ಹೋದೊಡನೆ ಮಗುವಿಗೆ ಹಾಯೆನಿಸುತ್ತದೆ. ಆ ಹಿತವೇ ಅದರ ಪಾಲಿಗೆ ಪಾಠವಾಗುತ್ತದೆ: ‘ಹೋಗದೆ ಉಳಿದುದರಿಂದ ಪಾರಾದೆ.’ ಹೋಗಿದ್ದರೂ ತಡೆದುಕೊಳ್ಳಬಹುದಾಗಿತ್ತು ಎಂಬುದನ್ನು ಕಲಿಯುವ ಅವಕಾಶವೇ ಅದಕ್ಕೆ ತಪ್ಪುತ್ತದೆ. ಮುಂದಿನ ಸೋಮವಾರ ಭಯ ಮತ್ತಷ್ಟು ಬಲಿತು ಬರುತ್ತದೆ.

ಹಾಗಾದರೆ ಗದರಿಕೆಗೂ ಕರುಣೆಗೂ ನಡುವೆ ಮೂರನೆಯ ದಾರಿಯುಂಟೆ? ಉಂಟು. ಅದು ಬೆಳಕಿಗೆ ಬಂದು ನೂರು ವರ್ಷಗಳೇ ಸಂದಿವೆ. ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ 1924ರಲ್ಲಿ ಪೀಟರ್ ಎಂಬ ಮಗುವಿನ ವೃತ್ತಾಂತವನ್ನು ಪ್ರಕಟಿಸಿದರು. ಇನ್ನೂ ಮೂರು ತುಂಬದ ಆ ಮಗುವಿಗೆ ಮೊಲವೆಂದರೆ ಪ್ರಾಣಭಯ. ತುಪ್ಪಳದ ಕೋಟು, ಹತ್ತಿ ಕಂಡರೂ ಅಂಜಿಕೆ. ಜೋನ್ಸ್ ಮಗುವನ್ನು ಗದರಲಿಲ್ಲ. ಮೊಲವನ್ನು ಶಾಶ್ವತವಾಗಿ ಮರೆಮಾಡಲೂ ಇಲ್ಲ. ಮಗುವಿಗೆ ಇಷ್ಟವಾದ ತಿನಿಸು ಕೊಟ್ಟು ಕೂರಿಸಿ, ಅದು ತಿನ್ನುವುದನ್ನು ನಿಲ್ಲಿಸದಷ್ಟು ದೂರದಲ್ಲಿ ಮೊಲದ ಪಂಜರವನ್ನು ಇಡಿಸಿದರು. ದಿನಗಳೆದಂತೆ ಪಂಜರ ಸ್ವಲ್ಪ ಸ್ವಲ್ಪವೇ ಹತ್ತಿರಕ್ಕೆ ಬಂದಿತು. ಮೊಲಕ್ಕೆ ಅಂಜದ ಇತರ ಮಕ್ಕಳನ್ನೂ ಜೊತೆಗೆ ಬಿಟ್ಟರು. ನಡುವೆ ಪೀಟರನಿಗೆ ಜ್ವರ ಬಂದು ಸುಮಾರು ಎರಡು ತಿಂಗಳು ಆಸ್ಪತ್ರೆಯಲ್ಲಿರಬೇಕಾಯಿತು. ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದು ಮೇಲೆರಗಿ ಬಂದು, ಗೆದ್ದಿದ್ದ ಭಯ ಮರಳಿತು. ಜೋನ್ಸ್ ಮತ್ತೆ ತೊಡಗಿದರು. ಕಡೆಗೆ ಪೀಟರ್ ತನ್ನ ಬೆರಳನ್ನು ಮೊಲ ಮೆಲ್ಲಗೆ ಕಚ್ಚಿದರೂ ಅಂಜದಷ್ಟು ಧೈರ್ಯವಂತನಾದ.

ಈ ವಿಧಾನದ ಸಾರ ಮನೆಯಲ್ಲಿಯೂ ನಡೆಯುವಂಥದು. ಮೊದಲ ಕೆಲಸ, ಮಗುವಿನ ಮೊಲ ಯಾವುದೆಂದು ಅರಿಯುವುದು. ಎದುರಿಗೆ ಕೂರಿಸಿಕೊಂಡು ‘ಏನಾಯಿತು, ಹೇಳು’ ಎಂದು ವಿಚಾರಣೆ ನಡೆಸಿದರೆ ಮಗು ಬಾಯಿಬಿಡದು. ಅವರೆಕಾಯಿ ಸುಲಿಯುವಾಗಲೋ ರಾತ್ರಿ ಪಕ್ಕದಲ್ಲಿ ಮಲಗಿದಾಗಲೋ ಮಾತು ತಾನಾಗಿ ಬರುತ್ತದೆ. ‘ಅಜ್ಜಿ, ನಾನು ಓದುವಾಗ ಎಲ್ಲರೂ ನಗುತ್ತಾರೆ.’ ಒತ್ತಕ್ಷರದಲ್ಲಿ ಒಮ್ಮೆ ತಡವರಿಸಿದ್ದೇ ಇಷ್ಟಕ್ಕೂ ಕಾರಣವಾಗಿದ್ದಿರಬಹುದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮಗುವಿನ ಅಂಜಿಕೆಗೆ ನಿಜವಾದ ಕೇಡೇ ಕಾರಣವಾಗಿದ್ದರೆ, ಎಂದರೆ ಹೊಡೆತ, ದೊಡ್ಡ ಹುಡುಗರ ಕಾಟ, ಯಾರದೋ ಕೆಟ್ಟ ನಡತೆ ಇದ್ದರೆ, ಅದನ್ನು ಸಹಿಸಲು ಮಗುವಿಗೆ ಕಲಿಸುವುದಲ್ಲ, ಕೇಡನ್ನೇ ತಡೆಯಬೇಕು. ಶಾಲೆಯಲ್ಲಿ ಮಕ್ಕಳನ್ನು ದಂಡಿಸುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣದ ಹಕ್ಕಿನ ಕಾಯಿದೆ ನಿಷೇಧಿಸಿದೆ. ಓದಲು ಕಷ್ಟಪಡುವ ಮಗುವಿನ ಕಣ್ಣನ್ನೂ ಒಮ್ಮೆ ಪರೀಕ್ಷಿಸಿಸುವುದು ಲೇಸು.

ಎರಡನೆಯ ಕೆಲಸ, ಮೆಟ್ಟಿಲುಗಳನ್ನು ಕಟ್ಟುವುದು. ಓದಲು ಅಂಜುವ ಹುಡುಗ ಮೊದಲು ಅಜ್ಜಿಗೆ ಎರಡು ಸಾಲು ಓದಿ ಹೇಳಲಿ. ಆಮೇಲೆ ಪಕ್ಕದ ಮನೆಯ ಗೆಳೆಯನಿಗೆ. ಶನಿವಾರ ಶಾಲೆ ಬಿಟ್ಟಮೇಲೆ ತಂದೆಯೊಡನೆ ಹೋಗಿ ಬರಿದಾದ ತರಗತಿಯಲ್ಲಿ ನಿಂತು ಓದಲಿ. ಉಪಾಧ್ಯಾಯರನ್ನು ಕಂಡು ವಿಷಯ ತಿಳಿಸಿದರೆ, ಕೆಲವು ದಿನ ಮುನ್ಸೂಚನೆಯಿಲ್ಲದೆ ಹುಡುಗನನ್ನು ಎಬ್ಬಿಸದಿರಲು ಅವರು ಒಪ್ಪಬಹುದು. ಬಳಿಕ ಕುಳಿತಲ್ಲಿಯೇ ಒಂದು ಸಾಲು. ಅನಂತರ ನಿಂತು ಎರಡು ಸಾಲು. ಒಂದು ಮೆಟ್ಟಿಲಿನಲ್ಲಿ ಅಳುಕು ತಗ್ಗಿದ ಮೇಲೆಯೇ ಮುಂದಿನದು. ಈ ಅವಧಿಯಲ್ಲೆಲ್ಲ ಶಾಲೆಗೆ ಹೋಗುವುದು ಮಾತ್ರ ನಿಲ್ಲಬಾರದು. ದಸರೆಯ ರಜೆ ಮುಗಿದಾಗಲೋ ಜ್ವರ ಬಿಟ್ಟೆದ್ದಾಗಲೋ ಹುಡುಗ ಎರಡು ಮೆಟ್ಟಿಲು ಜಾರಿದರೆ ತಾಯ್ತಂದೆಯರು ಹತಾಶರಾಗಬೇಕಿಲ್ಲ. ಪೀಟರನಿಗೂ ಹಾಗೆಯೇ ಆಗಿತ್ತು.

ಮೂರನೆಯದು, ಆಡುವ ಮಾತು. ‘ಹೆದರುವಂಥದು ಏನಿದೆ ಅದರಲ್ಲಿ?’ ಎಂಬ ಮಾತು ಮಗುವನ್ನು ಒಂಟಿಯಾಗಿಸುತ್ತದೆ. ‘ಅಯ್ಯೋ ಪಾಪ, ನಿನ್ನ ಕೈಲಿ ಆಗದು’ ಎಂಬುದು ಅದರ ಭಯಕ್ಕೆ ಸಾಕ್ಷಿ ನುಡಿದಂತೆ. ‘ನಿನಗೆ ಹೆದರಿಕೆಯಾಗಿದೆ, ನನಗೆ ಗೊತ್ತು ಮಗು. ಹೆದರಿಕೆ ಇದ್ದರೂ ನೀನು ಹೋಗಿಬರಬಲ್ಲೆ, ಅದೂ ನನಗೆ ಗೊತ್ತು’ ಎಂಬ ಮಾತಿನಲ್ಲಿ ಎರಡೂ ಇವೆ. ಮಗುವಿನ ನೋವಿಗೆ ಮನ್ನಣೆಯೂ ಉಂಟು, ಅದರ ಶಕ್ತಿಯಲ್ಲಿ ನಂಬಿಕೆಯೂ ಉಂಟು. ‘ಏನೂ ಆಗುವುದಿಲ್ಲ ತಾನೆ?’ ಎಂದು ಮಗು ಹತ್ತು ಸಲ ಕೇಳಿದರೆ ಹತ್ತು ಸಲವೂ ಭರವಸೆ ಕೊಡಬೇಕಾಗಿಲ್ಲ. ಒಮ್ಮೆ ಸಮಾಧಾನವಾಗಿ ಉತ್ತರಿಸಿ, ‘ಇದಕ್ಕೆ ಉತ್ತರ ನಿನಗೇ ಗೊತ್ತಲ್ಲ’ ಎಂದು ಬೆನ್ನು ತಡವಿದರೆ ಸಾಕು. ಇನ್ನು ಅನ್ನ ತಿನ್ನಿಸಲು ಗುಮ್ಮನನ್ನೂ, ಹಠ ಬಿಡಿಸಲು ಪೊಲೀಸರನ್ನೂ ಕರೆಯುವ ಅಭ್ಯಾಸ ಮನೆಯಲ್ಲಿದ್ದರೆ, ಅದನ್ನು ಇಂದೇ ಬಿಡುವುದು ಒಳ್ಳೆಯದು.

ಇಷ್ಟರಲ್ಲಿ ಬದಲಾಗಬೇಕಾದವರು ಯಾರು? ಮಗುವಿಗಿಂತ ಮೊದಲು ಹಿರಿಯರೇ ಎಂದರೆ ತಪ್ಪಾಗದು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಎಲಿ ಲೆಬೊವಿಟ್ಸ್ ಮತ್ತು ಸಂಗಡಿಗರು 7ರಿಂದ 14 ವರ್ಷದ 124 ಮಕ್ಕಳ ವಿಷಯದಲ್ಲಿ ನಡೆಸಿದ ಅಧ್ಯಯನ 2020ರಲ್ಲಿ ಅಚ್ಚಾಯಿತು. ಒಂದು ಗುಂಪಿನಲ್ಲಿ ಚಿಕಿತ್ಸಕರು ಮಕ್ಕಳಿಗೇ ಚಿಕಿತ್ಸೆ ನೀಡಿದರು. ಇನ್ನೊಂದರಲ್ಲಿ ಮಕ್ಕಳನ್ನು ಚಿಕಿತ್ಸೆಗೆ ಕರೆಯಲೇ ಇಲ್ಲ. ಭಯಕ್ಕೆ ಶರಣಾಗದೆ, ಮಗುವಿನ ಕೈಯನ್ನೂ ಬಿಡದೆ ನಡೆದುಕೊಳ್ಳುವ ಬಗೆಯನ್ನು ತಾಯ್ತಂದೆಯರಿಗೆ ಮಾತ್ರ ಕಲಿಸಿದರು. ಎರಡನೆಯ ಗುಂಪಿನ ಮಕ್ಕಳ ಸುಧಾರಣೆ ಮೊದಲಿನವರದಕ್ಕಿಂತ ಕಡಿಮೆಯಾಗಿರಲಿಲ್ಲ.

ಆದರೂ ಮನೆಯ ಶಕ್ತಿಗೆ ಮಿತಿಯುಂಟು. ಮಗು ವಾರಗಟ್ಟಲೆ ಶಾಲೆಯ ಮುಖ ನೋಡದಿದ್ದರೆ, ನಿದ್ರೆ ಆಹಾರಗಳು ಕೆಟ್ಟರೆ, ಸಾವಿನ ಮಾತು ಒಮ್ಮೆಯಾದರೂ ಅದರ ಬಾಯಿಂದ ಬಂದರೆ, ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ವಿಭಾಗವಿದೆ. ದೂರದ ಊರಿನವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಣವಿಲ್ಲದೆ ಕರೆಮಾಡಿ ಸಲಹೆ ಕೇಳಬಹುದು. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಕೈಮುರಿದ ಮಗುವನ್ನು ಯಾವ ತಾಯಿಯೂ ‘ನಾಲ್ಕು ಜನ ಏನೆಂದಾರು’ ಎಂದು ಮನೆಯೊಳಗೆ ಬಚ್ಚಿಡುವುದಿಲ್ಲವಷ್ಟೆ.

ಮತ್ತೊಂದು ಸೋಮವಾರ ಬರುತ್ತದೆ. ಹುಡುಗನ ಹೊಟ್ಟೆ ಅಂದೂ ನೋಯುತ್ತದೆ. ಇದು ಒಂದೇ ವಾರದಲ್ಲಿ ಮಾಯವಾಗುವ ನೋವಲ್ಲ. ಆದರೆ ಈ ಸಲ ತಂದೆ ಗದರುವುದಿಲ್ಲ. ತಾಯಿ ಚೀಲವನ್ನು ಕೆಳಗಿಳಿಸುವುದಿಲ್ಲ. ಇಬ್ಬರ ನಡುವೆ ಕೈಹಿಡಿದು ಹುಡುಗ ಬೀದಿಯ ತಿರುವಿನವರೆಗೆ ನಡೆಯುತ್ತಾನೆ. ಶಾಲೆಯ ವ್ಯಾನು ಬರುತ್ತದೆ. ಒಂದು ಗಳಿಗೆ ಹಿಂದಕ್ಕೆ ತಿರುಗಿ ನೋಡಿ, ತಾನೇ ಮೆಟ್ಟಿಲು ಹತ್ತುತ್ತಾನೆ. ಸಂಜೆ ಮರಳಿದಾಗ ಆತ ತರುವುದು, ಯಾವ ಹಿರಿಯರೂ ಬಾಯಿಮಾತಿನಲ್ಲಿ ಕೊಡಲಾರದ ಒಂದು ಅರಿವು: ‘ಹೆದರಿಕೆ ಇತ್ತು, ಆದರೂ ಹೋಗಿ ಬಂದೆ.’